ಬಾತುಗಳಲ್ಲಿ ಮೇಲು-ಕೀಳು

ಮೊದಲೇ ಹೇಳಿಬಿಡ್ತೀನಿ, ನಾನು ಬಂದೂಕು ಮುಟ್ಟಿದವನಲ್ಲ. ಬಾತಿನ ಮಾಂಸ ತಿಂದದ್ದೂ ಒಂದೇ ಸಲ, ಅದೂ ಕೇರಳದ ಒಂದು ಹೋಟೆಲಿನಲ್ಲಿ, ಸಾಕಿದ ಬಾತು. ಆದರೂ ಈ ಸಲದ ಬರಹ ಬಾತು ಶಿಕಾರಿಯ ಬಗ್ಗೆ. ಯಾಕೆ ಅಂತ ಕೇಳಿದರೆ ನಾನು ಬೈಸಿಕೊಂಡ ಒಂದು ಕಥೆಯಿಂದ ಶುರು ಮಾಡಬೇಕು.

ಕಳೆದ ಚಳಿಗಾಲದಲ್ಲಿ ಹುಲಗೂರಿಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ: ಹುಲಗೂರು ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಊರು. ಶಿಶುನಾಳ ಶರೀಫರ ತಂದೆತಾಯಿ ಮಗುವಿಗಾಗಿ ಹರಕೆ ಹೊತ್ತದ್ದು ಇಲ್ಲಿಯ ಖಾದರ ಶಾ ವಲಿಯವರ ಬಳಿ ಅನ್ನೋದು ನಮ್ಮ ಕಡೆ ಎಲ್ಲರೂ ಹೇಳುವ ಕಥೆ. ನನಗೆ ಮಾತ್ರ ಅದು ಅಜ್ಜಿಯ ಊರು, ಸೋದರಮಾವನ ಊರು. ಬೆಳಿಗ್ಗೆ ಎದ್ದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕೆರೆ ಕಡೆ ಹೊರಟೆ. ನೀರಿನ ನಡುವೆ ಒಂದು ನೂರು-ನೂರೈವತ್ತು ಸಣ್ಣ ಬಾತುಗಳು ಕುಳಿತಿದ್ದವು. ದೂರದರ್ಶಕದಲ್ಲಿ ನೋಡಿದೆ. ಎಲ್ಲಾ ಗಾರ್ಗೇನಿ, ಅಂದರೆ ಕಣ್ಣ ಮೇಲೆ ಬಿಳಿ ಹುಬ್ಬಿರುವ ಪುಟ್ಟ ಬಾತು. ‘ಛೆ, ಬರೀ ಗಾರ್ಗೇನಿ’ ಅಂದುಕೊಂಡೆ. ಆದರೆ ಬಂದದ್ದಕ್ಕೆ ಒಂದು ಹಾರುವ ಫೋಟೋ ಆದರೂ ಸಿಗಲಿ ಅಂತ ದಂಡೆ ಇಳಿದು ನೀರಿನವರೆಗೆ ನಡೆದೆ. ಇಡೀ ಹಿಂಡು ಭರ್ರನೆ ಎದ್ದಿತು. ಟಕಟಕಟಕ ಅಂತ ನಲವತ್ತು ಫೋಟೋ ಹೊಡೆದೆ.

ಹಿಂದಿನಿಂದ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಕೂಗಿದರು: “ಏ ತಮ್ಮಾ, ಯಾಕ ಎಬ್ಬಸ್ತೀ ಅವನ್ನ? ಹೊಡಿಯಾಂವ ಅಲ್ಲ, ತಿನ್ನಾಂವ ಅಲ್ಲ. ಸುಮ್ಮ ಸುಮ್ಮನ!”

ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಫೋಟೋ ನೋಡಿದರೆ ಎಲ್ಲವೂ ಅಲುಗಾಡಿದ್ದವು :-) ಆದರೆ ಆ ಮಾತು ಅಲ್ಲೇ ಕುಳಿತುಬಿಟ್ಟಿತು. ನನಗಿಂತ ಮೊದಲು ಇದೇ ದಂಡೆಯ ಮೇಲೆ ನಿಂತವರು ಯಾವ ಬಾತನ್ನು ಎಬ್ಬಿಸುತ್ತಿದ್ದರು, ಯಾವುದನ್ನು ಬಿಡುತ್ತಿದ್ದರು, ಯಾಕೆ? ಆಗ ಮಾವನ ನೆನಪಾಯಿತು.

ಮಾವನ ಹತ್ತಿರ ಒಂದು ಕೇಪಿನ ಬಂದೂಕು ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಛರ್ರೆ ಹಾಕಿ, ಮತ್ತೆ ಗಿಡಿದು, ಕೊನೆಗೆ ಕೇಪು ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇತ್ತು. ಕೆರೆಗೆ ಹೋಗಲು ಇತ್ತೋ ಇಲ್ಲವೋ, ಆ ಕಾಲದಲ್ಲಿ ಅವರನ್ನು ಯಾರೂ ಕೇಳಲಿಲ್ಲವಂತೆ. ನಾನು ಹೇಳುತ್ತಿರುವುದು 1960ರ ದಶಕದ ಮಾತು. ನಾನು ಚಿಕ್ಕವನಿದ್ದಾಗ ಬಂದೂಕು ಗೋಡೆಯ ಮೇಲೆ ತೂಗುತ್ತಿತ್ತು, ಅಷ್ಟೇ. ಆದರೆ ಅವರ ಬಾತಿನ ಪಟ್ಟಿ ಮಾತ್ರ ಬಾಯಿಪಾಠ ಇತ್ತು, ಕೇಳಿದಾಗಲೆಲ್ಲ ಅದೇ ಕ್ರಮದಲ್ಲಿ ಹೇಳುತ್ತಿದ್ದರು.

ಮೊದಲನೆಯದು ವರಟೆ. ಕೊಕ್ಕಿನ ತುದಿಗೆ ಹಳದಿ ಬಣ್ಣ ಇರುವ ದೊಡ್ಡ ಬಾತು, ವರ್ಷವಿಡೀ ಇಲ್ಲೇ ಇರುವಂಥದ್ದು. ಒಂದು ಬಿದ್ದರೆ ಮನೆಮಂದಿಗೆಲ್ಲ ಸಾರು. ಎರಡನೆಯದು ‘ಸಣ್ಣಾವು’. ಗಾರ್ಗೇನಿ, ಟೀಲ್ ಎಲ್ಲಾ ಸೇರಿ ಅವರಿಗೆ ಒಂದೇ ಹೆಸರು. ಅವು ಒತ್ತೊತ್ತಾಗಿ ಕುಳಿತಿರುತ್ತವೆ, ಒಂದು ಗುಂಡಿಗೆ ಐದಾರು ಬೀಳುತ್ತವೆ. ಮೂರನೆಯದು ಇಲ್ಲವೇ ಇಲ್ಲ! “ಸಲಿಕಿ ಬಾಯಿದು ಬ್ಯಾಡ, ರಾಡಿ ನಾರ್ತದ. ಸಿಳ್ಳಿ ಹೊಡೇದು ಬ್ಯಾಡ, ಬರೇ ಎಲವು. ಜಕ್ಕವಕ್ಕಿ ಅಂತೂ ಮುಟ್ಟಬಾರದು, ಜೋಡಿ ಹಕ್ಕಿ ಅದು.”

ಈ ಪಟ್ಟಿಯಲ್ಲಿ ಒಂದು ಲೆಕ್ಕಾಚಾರ ಇದೆ. ನನಗೆ ಅದು ಹೊಳೆದದ್ದು ಬಹಳ ತಡವಾಗಿ. ಮಾವನಿಗೆ ಎಲ್ಲಕ್ಕಿಂತ ತುಟ್ಟಿ ಆಗಿದ್ದು ಮದ್ದು. ಒಂದು ಸಲ ಹೊಡೆದರೆ ಮತ್ತೆ ತುಂಬಲು ಹೊತ್ತು ಬೇಕು, ಅಷ್ಟರಲ್ಲಿ ಕೆರೆ ಖಾಲಿ. ಹಾಗಾಗಿ ಒಂದೋ ಹಕ್ಕಿ ದೊಡ್ಡದಿರಬೇಕು, ಇಲ್ಲವೇ ಹಕ್ಕಿಗಳು ಒತ್ತೊತ್ತಾಗಿ ಕುಳಿತಿರಬೇಕು. ಹಾರುವ ಒಂಟಿ ಹಕ್ಕಿಗೆ ಗುಂಡು ಹೊಡೆಯುವುದು ಅವರ ಪ್ರಕಾರ ‘ಸಾಹೇಬರ ಶೋಕಿ’.

ಅದೇ ಸಾಹೇಬರ ಪುಸ್ತಕಗಳನ್ನು ತೆಗೆದರೆ ಎಲ್ಲಾ ತಲೆಕೆಳಗು. ಕುಳಿತ ಹಕ್ಕಿಗೆ ಹೊಡೆಯುವವನು ಅವರ ಕಣ್ಣಲ್ಲಿ ಶಿಕಾರಿಯೇ ಅಲ್ಲ, ಮಾಂಸಕ್ಕಾಗಿ ಬಂದವನು. ಹಾರುತ್ತಿರಬೇಕು, ವೇಗ ಇರಬೇಕು, ಎಚ್ಚರ ಇರಬೇಕು, ಆಗಲೇ ಅದು ‘ಸ್ಪೋರ್ಟ್’. ನಮ್ಮ ಭಾಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಇ.ಎ. ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರದೇಶದ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆ ನಡೆಸುತ್ತಿದ್ದವನು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, ಅದೇ ಹ್ಯೂಮ್, 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬ! ಶಾಲೆಯಲ್ಲಿ ಆ ಹೆಸರು ಉರು ಹೊಡೆದ ನಮಗೆ ಆತ ಭಾರತದ ಹಕ್ಕಿ ಅಧ್ಯಯನದ ದೊಡ್ಡ ಕುಳ ಅಂತ ಯಾರೂ ಹೇಳಲಿಲ್ಲ. ಹ್ಯೂಮ್ ಮತ್ತು ಮಾರ್ಷಲ್ ಸೇರಿ ಭಾರತ, ಬರ್ಮಾ, ಸಿಲೋನಿನ ಬೇಟೆಹಕ್ಕಿಗಳ ಮೇಲೆ 1879ರಿಂದ 1881ರ ನಡುವೆ ಮೂರು ಸಂಪುಟ ತಂದರು. ಮೂರನೆಯದರಲ್ಲಿ ಬಾತುಗಳು. ಮುಂದೆ ಸ್ಟುವರ್ಟ್ ಬೇಕರ್ ಎಂಬ ಪೊಲೀಸ್ ಅಧಿಕಾರಿ 1908ರಲ್ಲಿ ಬರೀ ಭಾರತದ ಬಾತುಗಳ ಮೇಲೇ ಒಂದು ದಪ್ಪ ಪುಸ್ತಕ ಬರೆದ.

ಈ ಕಾಲದ ಶಿಕಾರಿ ಬರಹಗಳಲ್ಲಿ ಪ್ರತಿ ಬಾತಿನ ಬಗ್ಗೆಯೂ ಮೂರು ಪ್ರಶ್ನೆ ತಪ್ಪದೆ ಬರುತ್ತವೆ. ಹೇಗಿದೆ? ಹೇಗೆ ಹಾರುತ್ತದೆ? ಮೇಜಿನ ಮೇಲೆ ಹೇಗಿರುತ್ತದೆ? ಮೂರನೆಯದು ರುಚಿಯ ಪ್ರಶ್ನೆ. ಸೂಜಿಯಂಥ ಬಾಲದ ಪಿನ್‌ಟೇಲ್ ಎರಡರಲ್ಲೂ ಪಾಸು. ಬಲು ಎಚ್ಚರಿಕೆಯ ಹಕ್ಕಿ, ರುಚಿಯೂ ಉಂಟು. ಗ್ಯಾಡ್ವಾಲ್ ಎನ್ನುವ ಬೂದು ಬಾತಿಗೂ ಟೀಲ್‌ಗೂ ಒಳ್ಳೆಯ ಮಾರ್ಕು. ಬಾಚಣಿಗೆಯಂಥ ಗುಬ್ಬು ಹೊತ್ತ ನಕ್ಟಾ ದೊಡ್ಡದೇನೋ ಹೌದು, ಆದರೆ ಮಾಂಸ ಒರಟು. ಶಿಳ್ಳೆ ಬಾತು ಎರಡರಲ್ಲೂ ಫೇಲು. ಪಾಪ, ಅದರ ಸ್ವಭಾವವೇ ಹಾಗೆ. ಎಬ್ಬಿಸಿದರೆ ದೂರ ಓಡುವುದಿಲ್ಲ, ಶಿಳ್ಳೆ ಹಾಕುತ್ತಾ ಬಂದೂಕಿನ ತಲೆ ಮೇಲೇ ಸುತ್ತು ಹೊಡೆಯುತ್ತದೆ. ಅಂಥದನ್ನು ಹೊಡೆಯುವುದು ಗಂಡಸುತನ ಅಲ್ಲ ಅನ್ನೋದು ಆ ಜನರ ನಂಬಿಕೆ. ಮಾವ ಎಲುಬಿನ ಕಾರಣಕ್ಕೆ ಬಿಟ್ಟ ಹಕ್ಕಿಯನ್ನು ಸಾಹೇಬ ಮಾನದ ಕಾರಣಕ್ಕೆ ಬಿಟ್ಟ. ಹಕ್ಕಿಗೆ ಮಾತ್ರ ಲಾಭವೇ.

ರುಚಿ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಉತ್ತರ ಸರಳ: ತಿಂದದ್ದರಿಂದ. ಪಿನ್‌ಟೇಲ್, ಟೀಲ್, ಗ್ಯಾಡ್ವಾಲ್ ಹೆಚ್ಚಾಗಿ ನೀರುಗಿಡದ ಬೀಜ, ಚಿಗುರು, ಗದ್ದೆಯಲ್ಲಿ ಉದುರಿದ ಭತ್ತ ತಿನ್ನುವಂಥವು. ಸಲಿಕೆ ಬಾಯಿಯ ಶವಲರ್ ಹಾಗಲ್ಲ. ಅದರ ಅಗಲ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಾಲು ಇದೆ. ನೀರನ್ನು ಬಾಯಿಗೆ ತುಂಬಿಕೊಂಡು, ಅಂಚಿನಿಂದ ಸೋಸಿ ಹೊರಬಿಟ್ಟು, ಒಳಗೆ ಉಳಿದ ಹುಳು, ಪುಟಾಣಿ ಬಸವನಹುಳು, ಪಾಚಿ ಎಲ್ಲವನ್ನೂ ನುಂಗುತ್ತದೆ. ಊರ ಹೊಲಸು ಬಂದು ಸೇರುವ ಕೊಳದಲ್ಲೂ ಆರಾಮಾಗಿ ಮೇಯುತ್ತದೆ. ಇದನ್ನು ಕಣ್ಣಾರೆ ಕಂಡ ಯಾವ ಶಿಕಾರಿಗೂ ಅದು ಊಟಕ್ಕೆ ಬೇಡವಾಯಿತು. ಮಾವನ ‘ರಾಡಿ ನಾರ್ತದ’ಕ್ಕೂ ಇಂಗ್ಲಿಷ್ ಪುಸ್ತಕದ ತೀರ್ಪಿಗೂ ಇಲ್ಲಿ ಮಾತ್ರ ಒಂದೇ ದನಿ!

ದೂರದ ಅಮೆರಿಕದಲ್ಲೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಅಲ್ಲಿಯ ಚೆಸಾಪೀಕ್ ಕೊಲ್ಲಿಯ ಕ್ಯಾನ್ವಾಸ್‌ಬ್ಯಾಕ್ ಬಾತು ವ್ಯಾಲಿಸ್ನೇರಿಯಾ ಎನ್ನುವ ನೀರುಹುಲ್ಲಿನ ಗೆಡ್ಡೆ ತಿಂದು ಎಷ್ಟು ರುಚಿಯಾಗಿತ್ತೆಂದರೆ, ಅದರ ವೈಜ್ಞಾನಿಕ ಹೆಸರಿನಲ್ಲೇ ಆ ಹುಲ್ಲು ಸೇರಿಕೊಂಡಿದೆ. (ನಾವು ಅಕ್ವೇರಿಯಂನಲ್ಲಿ ಹಾಕುವ ಉದ್ದನೆ ರಿಬ್ಬನ್ ಹುಲ್ಲು ಇದೆಯಲ್ಲ, ಅದರ ಬಂಧುವೇ.) 19ನೇ ಶತಮಾನದಲ್ಲಿ ದೊಡ್ಡ ಹೋಟೆಲುಗಳಿಗಾಗಿ ಅದನ್ನು ರಾಶಿ ರಾಶಿ ಕೊಂದರು. 1918ರ ವಲಸೆ ಹಕ್ಕಿ ಕಾನೂನು ಬಂದ ಮೇಲೆಯೇ ಆ ವ್ಯಾಪಾರ ನಿಂತದ್ದು.

ಇನ್ನು ಜಕ್ಕವಕ್ಕಿ. ಇದರ ಕಥೆಯೇ ಬೇರೆ. ಇಟ್ಟಿಗೆ ಬಣ್ಣದ ಮೈ, ತಿಳಿ ತಲೆಯ ದೊಡ್ಡ ಬಾತು. ಸಂಸ್ಕೃತದಲ್ಲಿ ಚಕ್ರವಾಕ. ಹಗಲೆಲ್ಲ ಜೊತೆಗಿದ್ದು, ರಾತ್ರಿಯಾದರೆ ಅಗಲಿ, ಕೆರೆಯ ಆ ದಡ ಈ ದಡದಿಂದ ಒಂದನ್ನೊಂದು ಕೂಗಿ ಕರೆಯುವ ಜೋಡಿ ಅಂತ ನಮ್ಮ ಹಳಗನ್ನಡ ಕಾವ್ಯದ ತುಂಬ ಬರುತ್ತದೆ. ಕವಿಗಳು ವಿರಹ ಅಂದದ್ದು ಅದರ ಕೂಗನ್ನು. ಸಾಹೇಬರಿಗೆ ಅದೇ ಕೂಗು ತಲೆನೋವು. ಮನುಷ್ಯ ದೂರದಲ್ಲಿ ಕಂಡರೂ ಸಾಕು, ಈ ಹಕ್ಕಿ ‘ಆಂಗ್ ಆಂಗ್’ ಅಂತ ಅರಚಿ ಇಡೀ ಕೆರೆಗೆ ಸುದ್ದಿ ಮುಟ್ಟಿಸುತ್ತದೆ, ಉಳಿದ ಬಾತುಗಳೂ ಎದ್ದು ಹೋಗುತ್ತವೆ. ಮೇಲಾಗಿ ಮಾಂಸಕ್ಕೆ ಕೆಟ್ಟ ವಾಸನೆ. ಹಾಗಾಗಿ ಶಿಕಾರಿ ಬರಹಗಳಲ್ಲಿ ಅದಕ್ಕೆ ಸಿಗುವುದು ಬರೀ ಬೈಗುಳ. ಟಿಬೆಟ್ ಮತ್ತು ಮಂಗೋಲಿಯಾದ ಬೌದ್ಧರಿಗೋ ಅದು ಪವಿತ್ರ, ಬಿಕ್ಷುಗಳ ಕಾವಿಯ ಬಣ್ಣ ಅದರ ಮೈಯದು.

ಈ ಟಿಬೆಟ್ ವಿಷಯ ನಮಗೆ ಅಷ್ಟು ದೂರದ್ದೇನಲ್ಲ. ಶಿಗ್ಗಾಂವಿಯಿಂದ ಪಶ್ಚಿಮಕ್ಕೆ ಹೊರಟರೆ ಮುಂಡಗೋಡು, ಅಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪು. ಪೂರ್ವಕ್ಕೆ ಹೊರಟರೆ ಲಕ್ಷ್ಮೇಶ್ವರದ ಆಚೆ ಮಾಗಡಿ ಕೆರೆ. ಟಿಬೆಟ್, ಲಡಾಖ್, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಬಂದಿಳಿಯುವುದು ಅಲ್ಲಿ. ಮಾಗಡಿಗೆ ಇವತ್ತು ದೊಡ್ಡ ಹೆಸರು ಇದೆ, 2024ರ ಜನವರಿಯ ಕೊನೆಗೆ ರಾಮ್ಸಾರ್ ಪಟ್ಟಿಗೂ ಸೇರಿತು. ಹಿಂದೆ ಹೆಬ್ಬಾತು ಎಂದರೆ ಶಿಕಾರಿಗಳಿಗೆ ದೊಡ್ಡ ಬಹುಮಾನ. ರಾತ್ರಿ ಹೊಲಕ್ಕೆ ಮೇಯಲು ಹೋಗಿ ನಸುಕಿನಲ್ಲಿ ಕೆರೆಗೆ ಮರಳುವ ಹಕ್ಕಿ. ಅದು ಹಾದುಹೋಗುವ ದಾರಿಯಲ್ಲಿ ಚಳಿಯಲ್ಲಿ ಮಲಗಿ ಕಾಯಬೇಕು. ಆ ಕಷ್ಟವೇ ಅದರ ಬೆಲೆ.

ಬಂದೂಕಿಗಿಂತ ಹಿಂದಕ್ಕೆ ಹೋದರೆ ಪಟ್ಟಿ ಇನ್ನೂ ಬೇರೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ (ಆಳಿದ್ದು 1126ರಿಂದ 1138) ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದ ಅಂತಲೇ ಒಂದು ಭಾಗ ಇದೆ. ಡೇಗೆ, ಸಾಳುವಗಳನ್ನು ಪಳಗಿಸಿ ಹಕ್ಕಿಗಳ ಮೇಲೆ ಬಿಡುವ ಆಟ. ನಮ್ಮ ಬಂಕಾಪುರ, ಹಾನಗಲ್ಲು ಎಲ್ಲಾ ಆ ಸಾಮ್ರಾಜ್ಯದೊಳಗಿನ ಊರುಗಳು. ಆ ಆಟದಲ್ಲಿ ನೋಡುವವನ ಕಣ್ಣು ಇರುವುದು ಡೇಗೆಯ ಮೇಲೆ. ಬೇಟೆಯ ಹಕ್ಕಿ ಎಷ್ಟು ಎತ್ತರಕ್ಕೆ ಏರಿತು, ಎಷ್ಟು ಸೆಣಸಿತು ಎನ್ನುವುದು ರಂಜನೆ. ರುಚಿ ಆಮೇಲಿನ ಮಾತು.

ಲೆಕ್ಕ ಇಡುವ ಚಟವೂ ಸಾಹೇಬರಿಂದಲೇ ಬಂದದ್ದಲ್ಲ. ಜಹಾಂಗೀರ ಬಾದಶಹ ತನ್ನ ಐವತ್ತನೇ ವಯಸ್ಸಿನವರೆಗಿನ ಬೇಟೆಯ ಲೆಕ್ಕ ಬರೆಸಿದ್ದಾನೆ. ಅವನೇ ಹೊಡೆದ ಪ್ರಾಣಿ ಪಕ್ಷಿ ಒಟ್ಟು 17,167. ಅದರಲ್ಲಿ ಪಾರಿವಾಳ 10,348. ಕಾಗೆ 3,276! ಬಾತು, ಹೆಬ್ಬಾತು, ಬಕಗಳೆಲ್ಲ ಸೇರಿ ಬರೀ 150. ಓದಿದಾಗ ನಗು ಬಂತು. ಅವನ ಕಾಲಕ್ಕೆ ಬಾತು ಅಂಥಾ ಮುಖ್ಯ ಬೇಟೆ ಆಗಿರಲೇ ಇಲ್ಲ.

ಅದು ಮುಖ್ಯವಾದದ್ದು ಬಂದೂಕು ಬದಲಾದ ಮೇಲೆ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಹಿಂದಿನಿಂದ ತೋಟಾ ತುಂಬುವ ಜೋಡುನಳಿಗೆ ಬಂತು. ಮಾವನ ಬಂದೂಕಿಗೆ ಒಂದು ಗುಂಡು ತುಂಬುವಷ್ಟರಲ್ಲಿ ಇದರಲ್ಲಿ ಹತ್ತಾರು ಸಲ ಹೊಡೆಯಬಹುದು. ಆಗ ಹೊಸ ಮಾನದಂಡ ಹುಟ್ಟಿತು: ಎಷ್ಟು? ಯಾವ ಬಾತು ಎನ್ನುವ ಪ್ರಶ್ನೆಯೇ ಬಿದ್ದುಹೋಯಿತು. ಇದರ ತುತ್ತತುದಿ ರಾಜಸ್ಥಾನದ ಭರತಪುರ. 1902ರಲ್ಲಿ ಲಾರ್ಡ್ ಕರ್ಜನ್ ಇದ್ದಾಗ ಅಲ್ಲಿ ದೊಡ್ಡ ಶಿಕಾರಿ ಶುರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅತಿಥಿಗಳು ಒಂದೇ ದಿನದಲ್ಲಿ 4,273 ಹಕ್ಕಿ ಹೊಡೆದರು. ಆ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಇವತ್ತಿಗೂ ನೋಡಬಹುದು. ಕಲ್ಲಿನ ಮೇಲೆ ದಿನಾಂಕ ಇದೆ, ದೊಡ್ಡವರ ಹೆಸರು ಇದೆ, ಹಕ್ಕಿಗಳ ಸಂಖ್ಯೆ ಇದೆ. ಯಾವ ಜಾತಿಯ ಬಾತು ಎಷ್ಟು ಅಂತ ಮಾತ್ರ ಇಲ್ಲ.

ಇಲ್ಲಿ ನನ್ನನ್ನು ಚುಚ್ಚಿದ ಒಂದು ಮಾತು ಹೇಳಲೇಬೇಕು. ಬಂದೂಕಿನವರಿಗಿಂತ ಮೊದಲಿನಿಂದಲೂ ಬಾತು ಹಿಡಿಯುತ್ತಿದ್ದವರು ಇದ್ದರು. ಬಲೆ ಕಟ್ಟುವವರು, ಉರುಲು ಹಾಕುವವರು. ಇನ್ನೊಂದು ಉಪಾಯ ಭಾರತದ ಹಲವು ಕಡೆ ಪ್ರಸಿದ್ಧ. ಮೊದಲು ಕೆಲವು ಖಾಲಿ ಗಡಿಗೆಗಳನ್ನು ನೀರಿನಲ್ಲಿ ತೇಲಿಬಿಡುವುದು. ಬಾತುಗಳಿಗೆ ಗಡಿಗೆ ಕಂಡು ಕಂಡು ಅಭ್ಯಾಸವಾದ ಮೇಲೆ, ಬೇಟೆಗಾರ ತೂತು ಕೊರೆದ ಗಡಿಗೆಯನ್ನು ತಲೆಗೆ ಬೋರಲು ಹಾಕಿಕೊಂಡು ಕತ್ತಿನವರೆಗೆ ನೀರಿನಲ್ಲಿ ಮೆಲ್ಲಗೆ ನಡೆದು, ಕಾಲು ಹಿಡಿದು ಬಾತನ್ನು ಒಳಗೆ ಎಳೆದುಕೊಳ್ಳುವುದು. ಸದ್ದಿಲ್ಲ, ಪಕ್ಕದ ಬಾತಿಗೂ ಗೊತ್ತಾಗುವುದಿಲ್ಲ. ಇವರ ಪಟ್ಟಿಯಲ್ಲಿ ಮೇಲು-ಕೀಳು ಕಡಿಮೆ, ಕೈಗೆ ಸಿಕ್ಕಿದ್ದು ಮತ್ತು ಸಂತೆಯಲ್ಲಿ ಮಾರಿದ್ದು ಒಳ್ಳೆಯದು.

ಸಾಹೇಬರ ಪುಸ್ತಕದಲ್ಲಿ ಇವರು ‘ಕಳ್ಳಬೇಟೆಗಾರರು’. ದಿನಕ್ಕೆ ಸಾವಿರ ಹೊಡೆದವನು ಸ್ಪೋರ್ಟ್ಸ್‌ಮನ್, ರಾತ್ರಿ ಬಲೆಯಲ್ಲಿ ಹತ್ತು ಹಿಡಿದವನು ಅಪರಾಧಿ. ನಮ್ಮ ಕಡೆಯ ಹರಣಶಿಕಾರಿಗಳನ್ನು ನೆನೆಯಿರಿ, ಹೆಸರಿನಲ್ಲೇ ಬೇಟೆ ಇರುವ ಜನ. 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನು ಮುಂದೆ ಮುಂಬಯಿ ಪ್ರಾಂತಕ್ಕೂ ಬಂದಾಗ ಇಂಥ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದು ಬೇಲಿಯೊಳಗೆ ಕೂಡಿಹಾಕಿದರು. ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಯ ಹೆಸರು ಬಂದದ್ದು ಅಲ್ಲಿಂದ. 1952ರಲ್ಲಿ ಕಾನೂನು ಹೋಯಿತು, ಅನುಮಾನದ ಕಣ್ಣು ಪೂರ್ತಿ ಹೋಗಿಲ್ಲ. ಬಾತುಗಳಲ್ಲಿ ಮೇಲು-ಕೀಳು ಮಾಡಿದ ಅದೇ ಕೈ ಬೇಟೆಗಾರರಲ್ಲೂ ಮೇಲು-ಕೀಳು ಮಾಡಿತು. ಮಾವ ನಡುವೆ ಎಲ್ಲೋ ಬರುತ್ತಾರೆ: ಸಾಹೇಬನೂ ಅಲ್ಲ, ಬಲೆಯವನೂ ಅಲ್ಲ. ಕೈಯಲ್ಲಿ ಬಂದೂಕು, ಬಂದೂಕಿಗೆ ಕಾಗದ. ಆ ಕಾಗದ ಅವರನ್ನು ಕಾಪಾಡಿತು.

ಕಾನೂನುಗಳದ್ದೂ ಒಂದು ಕ್ರಮ ಇದೆ. 1912ರ ವನ್ಯಪಕ್ಷಿ-ಪ್ರಾಣಿ ರಕ್ಷಣಾ ಕಾನೂನಿನ ಪಟ್ಟಿಯಲ್ಲಿ ಬಾತುಗಳೂ ಇದ್ದವು. ಆದರೆ ಅದರ ಉಪಾಯ ಮರಿ ಮಾಡುವ ಋತುವಿನಲ್ಲಿ ಬೇಟೆ ನಿಲ್ಲಿಸುವುದು. ನಮ್ಮಲ್ಲೇ ಗೂಡು ಕಟ್ಟುವ ವರಟೆಗೆ ಅದರಿಂದ ಉಪಯೋಗ. ಸೈಬೀರಿಯಾದಲ್ಲಿ ಮರಿ ಮಾಡಿ ನವೆಂಬರಿನಲ್ಲಿ ಇಲ್ಲಿಗೆ ಬರುವ ಪಿನ್‌ಟೇಲಿಗೆ ಏನು ಪ್ರಯೋಜನ? ಅದು ಬರುವುದೇ ಬೇಟೆಯ ಋತುವಿಗೆ! 1951ರಲ್ಲಿ ಮುಂಬಯಿ ರಾಜ್ಯ ತನ್ನದೇ ಕಾನೂನು ಮಾಡಿತು, ನಮ್ಮ ಊರು 1956ರವರೆಗೆ ಅದರಡಿಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಲೈಸೆನ್ಸ್ ಪಡೆದು ಸಣ್ಣ ಬೇಟೆಯಾಡುವ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಿದ್ದು 1991ರ ತಿದ್ದುಪಡಿ.

ಮಾವ ಬಂದೂಕು ಕೆಳಗಿಟ್ಟದ್ದು ಇದ್ಯಾವುದರಿಂದಲೂ ಅಲ್ಲ. ನಾನೊಮ್ಮೆ, ಕಾನೂನಿಗೆ ಹೆದರಿದಿರೇನು ಅಂತ ಕೇಳಿದ್ದೆ. ಜೋರಾಗಿ ನಕ್ಕರು. “ಕಾನೂನು ಎಲ್ಲಿ ಬಂತೋ ತಮ್ಮಾ ಹುಲಗೂರಿಗೆ! ಮದ್ದು ತುಟ್ಟಿ ಆತು, ಬಾತು ಕಮ್ಮಿ ಆದ್ವು. ಅಷ್ಟೊತ್ತಿಗೆ ಫಾರಂ ಕೋಳಿ ಬಂತು. ಅಂಗಡ್ಯಾಗ ಕೋಳಿ ಸಿಗೂದಿದ್ರ ನಸುಕಿನ್ಯಾಗ ನೀರಾಗ ಯಾಂವ ನಿಂದ್ರಾಂವ?” ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಆದರೆ ನಂಬುತ್ತೇನೆ.

ಹ್ಯೂಮ್‌ನ ಕಥೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ದೇಶದ ಉದ್ದಗಲಕ್ಕೂ ಹಕ್ಕಿ ಹೊಡೆಸಿ ಸಂಗ್ರಹ ಮಾಡಿದ ಮನುಷ್ಯ ಥಿಯೊಸಫಿಯ ಪ್ರಭಾವಕ್ಕೆ ಬಿದ್ದು ಸಸ್ಯಾಹಾರಿಯಾದ, ಹಕ್ಕಿ ಕೊಲ್ಲುವುದನ್ನೂ ಬಿಟ್ಟ. 1884ರ ಚಳಿಗಾಲ ಕಳೆದು ಶಿಮ್ಲಾದ ಮನೆಗೆ ಮರಳಿದಾಗ ಅವನ ವರ್ಷಗಟ್ಟಲೆಯ ಹಸ್ತಪ್ರತಿಗಳನ್ನು ಆಳೊಬ್ಬ ರದ್ದಿಗೆ ಮಾರಿಬಿಟ್ಟಿದ್ದನಂತೆ. (ಬರೆದ ಪೋಸ್ಟ್ ಸೇವ್ ಆಗದೆ ಹಾರಿಹೋದಾಗಿನ ನಮ್ಮ ಸಂಕಟ ಇದರ ಮುಂದೆ ಏನು!) ಸುಮಾರು 80 ಸಾವಿರ ಹಕ್ಕಿಗಳ ಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟು ಕೈ ತೊಳೆದುಕೊಂಡ.

ಒಂದು ಮಾತು ಶಿಕಾರಿಗಳ ಪರವಾಗಿಯೂ ಹೇಳಬೇಕು. ಬಾತುಗಳು ಎಲ್ಲಿಂದ ಬರುತ್ತವೆ ಎನ್ನುವುದು ನಮಗೆ ತಿಳಿದದ್ದರಲ್ಲಿ ಅವರ ಪಾಲು ದೊಡ್ಡದು. 1927ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಮಧ್ಯ ಭಾರತದ ಧಾರ್ ಸಂಸ್ಥಾನದಲ್ಲಿ ಬಾತುಗಳ ಕಾಲಿಗೆ ಉಂಗುರ ಹಾಕಿ ಬಿಡಲು ಶುರು ಮಾಡಿದರು. ಉಂಗುರದ ಮೇಲೆ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ. ಸೈಬೀರಿಯಾದಲ್ಲೆಲ್ಲೋ ಯಾವನೋ ಬೇಟೆಗಾರ ಬಾತು ಹೊಡೆದು ಉಂಗುರದ ಸುದ್ದಿ ಕಳಿಸಿದಾಗಲೇ ಗೊತ್ತಾಗುತ್ತಿತ್ತು, ನಮ್ಮ ಕೆರೆಯ ಅತಿಥಿ ಅಲ್ಲಿಯ ಮನೆಮಗ ಅಂತ. ಸಲೀಂ ಅಲಿಯವರೂ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆದು ಹಕ್ಕಿಲೋಕಕ್ಕೆ ಬಂದವರು. ನಮ್ಮ ತೇಜಸ್ವಿಯವರ ಹೆಗಲ ಮೇಲೂ ಕ್ಯಾಮೆರಾಕ್ಕಿಂತ ಮೊದಲು ಕೋವಿ ಇತ್ತು. ಕೋವಿ ಹಿಡಿದು ಕಾದು ಕುಳಿತ ತಾಳ್ಮೆಯೇ ಮುಂದೆ ಅವರ ಹಕ್ಕಿ ಫೋಟೋಗಳಿಗೆ ಬಂತೇನೋ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಇವತ್ತಿನ ಪಟ್ಟಿ? ಅದೂ ಇದೆ. ನನ್ನ ಫೋನಿನಲ್ಲೇ ಇದೆ. ಇವತ್ತಿನ ಮಾನದಂಡ ‘ಅಪರೂಪ’. ಮೊದಲ ಸಲ ಕಂಡ ಹಕ್ಕಿಗೆ ‘ಲೈಫರ್’ ಅಂತ ಹೆಸರು, ಅದು ಸಿಕ್ಕರೆ ಹಬ್ಬ. ಮಾವನ ಮೊದಲ ಸ್ಥಾನದ ವರಟೆ ನನ್ನ ಪಟ್ಟಿಯಲ್ಲಿ ಕೊನೆಗೆ, ಯಾಕೆಂದರೆ ಎಲ್ಲಾ ಕೆರೆಯಲ್ಲೂ ಇದೆ. ಎಲ್ಲರೂ ಬೈದ ಶವಲರ್ ಈಗ ಫೋಟೋಗೆ ಸುಂದರ ಹಕ್ಕಿ. ಜಕ್ಕವಕ್ಕಿ ಕಂಡರೆ ನಮ್ಮ ಗುಂಪಿನಲ್ಲಿ ಐವತ್ತು ಮೆಸೇಜು.

ಅಪರೂಪಕ್ಕೆ ಬೆಲೆ ಕಟ್ಟುವುದು ಎಷ್ಟು ಅಪಾಯ ಎನ್ನುವುದಕ್ಕೆ ಗುಲಾಬಿ ತಲೆಯ ಬಾತಿನ ಕಥೆ ಸಾಕು. ಹೆಚ್ಚಾಗಿ ಪೂರ್ವ ಭಾರತದ ಹುಲ್ಲುಗಾವಲು, ಜೌಗಿನ ಹಕ್ಕಿ ಅದು. ಕಡಿಮೆಯಾದಷ್ಟೂ ಸಂಗ್ರಹಕಾರರ ಆಸೆ ಹೆಚ್ಚಾಯಿತು. ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿ ಶ್ರೀಮಂತರೊಬ್ಬರ ತೋಟದಲ್ಲಿ ಸಾಕಿದರು. ಕಾಡಿನಲ್ಲಿ ಅದು ಖಚಿತವಾಗಿ ಕಂಡು ಎಷ್ಟೋ ದಶಕಗಳೇ ಕಳೆದವು. ಅದನ್ನು ಮುಗಿಸಿದ್ದು ಬರೀ ಬಂದೂಕು ಅಲ್ಲ, ಅದರ ಜೌಗು ನೆಲ ಗದ್ದೆಯಾದದ್ದೂ ಹೌದು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಕಥೆ. ಪೋಚಾರ್ಡ್ ಎನ್ನುವ ಕೆಂದಲೆಯ ಬಾತು ಒಂದು ಕಾಲಕ್ಕೆ ಹೆಸರಿಗೇ ‘ಸಾಮಾನ್ಯ’ ಅಂತ ಅಂಟಿಸಿಕೊಂಡದ್ದು. 2015ರಲ್ಲಿ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದನ್ನು ಅಪಾಯಕ್ಕೀಡಾದ ಜಾತಿಯ ಸಾಲಿಗೆ ಏರಿಸಬೇಕಾಯಿತು. ಎಲ್ಲರೂ ‘ಬರೀ ಪೋಚಾರ್ಡ್’ ಎನ್ನುತ್ತಿದ್ದಾಗಲೇ ಅದು ಇಳಿಯುತ್ತಿತ್ತು.

ಇದನ್ನು ಓದಿದ ಮೇಲೆ ನನ್ನ ‘ಬರೀ ಗಾರ್ಗೇನಿ’ ನೆನಪಾಗಿ ಮೈ ಜುಂ ಅಂದಿತು. ಆ ಪುಟ್ಟ ಹಕ್ಕಿ ಎಲ್ಲಾ ವಲಸೆ ಬಾತುಗಳಿಗಿಂತ ಮೊದಲು ಬಂದು, ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಹೋಗುವ ಮೊದಲು ಮೈಯಲ್ಲಿ ಕೊಬ್ಬು ಕೂಡಿಡಬೇಕು, ಅದೇ ದಾರಿಬುತ್ತಿ. ಕಾರಣವಿಲ್ಲದೆ ಎಬ್ಬಿಸಿದಾಗಲೆಲ್ಲ ಆ ಬುತ್ತಿಯಿಂದಲೇ ಖರ್ಚು. ಮಾವ ಐದಾರು ಹೊಡೆದು ಮನೆಗೆ ಬರುತ್ತಿದ್ದರು, ಉಳಿದವು ಒಂದು ಸುತ್ತು ಹಾಕಿ ಮತ್ತೆ ಕೂರುತ್ತಿದ್ದವು. ಈಗ ಭಾನುವಾರ ಒಂದೊಂದು ಕೆರೆಗೆ ಹತ್ತು ಹತ್ತು ಕ್ಯಾಮೆರಾ ಬರುತ್ತವೆ. ಹೋಲಿಕೆ ಸರಿಯಲ್ಲ ಅಂತ ನೀವು ಹೇಳಬಹುದು. ಕೊಲ್ಲುವುದೂ ಎಬ್ಬಿಸುವುದೂ ಒಂದೇ ಅಂತ ನಾನೂ ಹೇಳುವುದಿಲ್ಲ. ಆದರೆ ಆ ಎಮ್ಮೆಯ ಅಜ್ಜ ಕೇಳಿದ ಪ್ರಶ್ನೆಗೆ ಮಾವನ ಹತ್ತಿರ ಒಂದು ಉತ್ತರ ಇತ್ತು, ಸಾರಿನ ಗಡಿಗೆಯ ಉತ್ತರ. ನನ್ನ ಹತ್ತಿರ ಅಲುಗಾಡಿದ ನಲವತ್ತು ಫೋಟೋ ಇದ್ದವು.

ಎಲ್ಲಾ ಅಳಿಸಿದೆ. ಮರುದಿನ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿ ದಂಡೆಯ ಮೇಲಿನ ಜಾಲಿಗಿಡದ ಹಿಂದೆ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಹಿಂಡು ತಾನಾಗಿಯೇ ದಡದ ಕಡೆ ಬಂತು. ಗಂಡು ಗಾರ್ಗೇನಿಯ ಕೂಗು ಕೇಳಿದ್ದೀರಾ? ಒಣ ಕಡ್ಡಿಯನ್ನು ಬಾಚಣಿಗೆಯ ಮೇಲೆ ಎಳೆದ ಹಾಗೆ ಕರಕರ ಸದ್ದು. ಇಷ್ಟು ವರ್ಷ ಹಕ್ಕಿ ನೋಡುತ್ತಿದ್ದರೂ ನಾನು ಕೇಳಿದ್ದು ಅದೇ ಮೊದಲು. ಮಾವನಿಗೆ ಖಂಡಿತ ಗೊತ್ತಿದ್ದಿರಬೇಕು. ಕೇಳೋಣವೆಂದರೆ ಈಗ ಅವರಿಲ್ಲ.

ಅವರು ಬಳಸುತ್ತಿದ್ದ ಹೆಸರುಗಳನ್ನೂ ನಾನು ಸರಿಯಾಗಿ ಬರೆದಿಟ್ಟುಕೊಳ್ಳಲಿಲ್ಲ. ಬಾತಿಗೆ ಊರಿನ ಹೆಸರು ಇಟ್ಟವರು ಅದನ್ನು ಹಿಡಿದವರು, ತಿಂದವರು, ಮಾರಿದವರು. ಅವರು ಹೋದ ಹಾಗೆ ಹೆಸರೂ ಹೋಗುತ್ತಿದೆ, ನಮ್ಮ ಕೈಯಲ್ಲಿ ಉಳಿಯುವುದು ಗಾರ್ಗೇನಿ, ಶವಲರ್, ಗ್ಯಾಡ್ವಾಲ್. ನಿಮ್ಮ ಕಡೆ ಕೆರೆಯ ಬಾತುಗಳಿಗೆ ಏನಂತಾರೆ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಯಾವುದು ರುಚಿ, ಯಾವುದನ್ನು ಮುಟ್ಟಬಾರದು ಅಂತಲೂ ಕೇಳಿ, ಬೈಯ್ಯಬೇಡಿ. ಸಿಕ್ಕ ಹೆಸರುಗಳನ್ನು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ, ನಾನು ಬಂದು ಓದುತ್ತೇನೆ.